ರಾತ್ರಿ ಶಾರ್ಟ್‌ವೇವಲ್ಲಿ ಟಿಕ್ ಟಿಕ್ ಅಂತ ಬರೋದು ಯಾರ್ದು? ಹೆಸ್ರು ಹೇಳ್ದಿರೋ ಸ್ಟೇಷನ್‌ಗಳನ್ನ ಮಲೆನಾಡಲ್ಲಿ ಯಾರಾದ್ರೂ ಕೇಳ್ತೀರಾ?

ತೀರ್ಥಳ್ಳಿ_ತೋಟ:
ಎಲ್ರಿಗೂ ನಮಸ್ಕಾರ. ಆಗುಂಬೆ ರೋಡಿಂದ ಸ್ವಲ್ಪ ಒಳಗೆ ನಮ್ಮನೆ, ಸುತ್ತ ಅಡಿಕೆ ತೋಟ, ಅದ್ರಾಚೆ ಕಾಡು. ಇತ್ತೀಚೆಗೆ ಒಂದು ಟೆಕ್ಸನ್ ಪಿಎಲ್-330 ತಗೊಂಡೆ, ದೋಟಿಲಿ ವೈರ್ ಎತ್ತಿ ಎರಡು ಅಡಿಕೆ ಮರದ ಮಧ್ಯ ಕಟ್ಟಿದೀನಿ, 20 ಮೀಟರ್ ಇರ್ಬೋದು. ಸ್ಟೇಷನ್ ಕೇಳೋದಕ್ಕಿಂತ ಸ್ಟೇಷನ್ ಅಂತ ಹೇಳ್ಕೊಳ್ದೇ ಇರೋದನ್ನ ಕೇಳೋ ಹುಚ್ಚೇ ಜಾಸ್ತಿ ಆಗಿದೆ ಮಾರಾಯ್ರೆ. ಮೂರು ಐಟಂ ಇದೆ, ಗೊತ್ತಿದ್ದೋರು ಹೇಳಿ.

ಒಂದು, ಟಿಕ್... ಟಿಕ್... ಸೆಕೆಂಡಿಗೆ ಒಂದು ಅಥವಾ ಸ್ವಲ್ಪ ನಿಧಾನ, ಕತ್ಲಾದ ಮೇಲೆ ಶುರು. ರಷ್ಯಾದ್ದು ಪಿಪ್ ಅನ್ನೋ ಸ್ಟೇಷನ್ ಇದೆ ಅಂತ ಓದಿದೀನಿ, ಅದೇನಾ ಅಂತ ಡೌಟು, ಅಷ್ಟು ಸುಲಭಕ್ಕೆ ಸಿಗುತ್ತಾ ಅಂತಾನೂ ಡೌಟು. ಎರಡು, 6900ರಿಂದ 7000 ಕಿಲೋಹರ್ಟ್ಸ್ ಮಧ್ಯ ಎಲ್‌ಎಸ್‌ಬಿಗೆ (ಲೋವರ್ ಸೈಡ್‌ಬ್ಯಾಂಡ್ ಮೋಡು) ಹಾಕಿದ್ರೆ ಗಂಡಸ್ರು ಮಾತಾಡ್ತಾರೆ, ನಗ್ತಾರೆ, ಒಬ್ಬ ಸುಮ್ನೆ ಶಿಳ್ಳೆ ಹಾಕ್ತಾನೆ, ಒಂದ್ಸಲ ಮೈಕಿಗೆ ಹಾಡೂ ಹಿಡಿದ್ರು, ಕಾಲ್‌ಸೈನ್, ಅಂದ್ರೆ ಲೈಸೆನ್ಸಿನ ಗುರುತು, ಹೇಳೋ ಮಾತೇ ಇಲ್ಲ. ತಮಿಳಲ್ಲ, ಮಲಯಾಳಂ ಅಲ್ಲ, ಕೊಂಕಣಿ ಅಂತೂ ಅಲ್ಲವೇ ಅಲ್ಲ. ಮೂರು, ಅಮ್ಮ ಅಡುಗೆಮನೇಲಿ ಇಟ್ಕೊಂಡಿರೋ ಮುಳ್ಳಿನ ಡಯಲ್ ಡಬ್ಬಿ ರೇಡಿಯೋಲಿ 6.3 ಮೆಗಾಹರ್ಟ್ಸ್ ಆಸುಪಾಸು ಹಿಂದಿ ಹಾಡು ಬರುತ್ತೆ, ಟೆಕ್ಸನಲ್ಲಿ ಅದೇ ಜಾಗದಲ್ಲಿ ಏನೂ ಇಲ್ಲ. ಇದ್ರಲ್ಲಿ ಪೈರೇಟ್, ಅಂದ್ರೆ ಲೈಸೆನ್ಸ್ ಇಲ್ದೆ ಪ್ರಸಾರ ಮಾಡೋದು, ಯಾವ್ದು?

ಭದ್ರಾವತಿ_ರಿಪೇರಿ:
ಮೂರನೇದನ್ನ ಈಗ್ಲೇ ಲಿಸ್ಟಿಂದ ತೆಗೀರಿ, ಅದು ಇಮೇಜು, ಬೇರೆ ಜಾಗದ ಸ್ಟೇಷನ್ನಿನ ನೆರಳು. ಡಬ್ಬಿ ಸೆಟ್ಟಲ್ಲಿ ಐಎಫ್ (ಯಾವ ಸ್ಟೇಷನ್ ಹಾಕಿದ್ರೂ ಸೆಟ್ ಅದನ್ನ ಒಳಗೆ ಇಳಿಸ್ಕೊಳ್ಳೋ ಒಂದೇ ಫ್ರೀಕ್ವೆನ್ಸಿ) 455 ಕಿಲೋಹರ್ಟ್ಸ್ ಇರುತ್ತೆ. ನೀವು ಮುಳ್ಳನ್ನ 6300ಕ್ಕೆ ಇಟ್ರೆ ಒಳಗಡೆ ಆಸಿಲೇಟರ್ 6755ರಲ್ಲಿ ಓಡ್ತಿರುತ್ತೆ. ಅದಕ್ಕಿಂತ 455 ಕೆಳಗಿರೋ 6300 ಹೆಂಗೆ ಒಳಗೆ ಬರುತ್ತೋ ಹಂಗೇ 455 ಮೇಲಿರೋ 7210ನೂ ನುಗ್ಗುತ್ತೆ, ಮುಂದಿನ ಕಾಯಿಲ್ ಅದನ್ನ ತಡೀಬೇಕು, ಅಗ್ಗದ ಸೆಟ್ಟಲ್ಲಿ ಆ ಕಾಯಿಲ್‌ಗೆ ಅಷ್ಟು ತಾಕತ್ತಿಲ್ಲ. 41 ಮೀಟರ್ ಬ್ಯಾಂಡಲ್ಲಿ, ಅಂದ್ರೆ 7200ರ ಮೇಲೆ, ಯಾವ್ದಾದ್ರೂ ಜೋರು ಸ್ಟೇಷನ್ ಇದ್ರೆ 910 ಕಿಲೋಹರ್ಟ್ಸ್ ಕೆಳಗೆ ಅದ್ರ ಭೂತ ಕಾಣ್ಸುತ್ತೆ. ಡಬ್ಬಿ ರೇಡಿಯೋ ಪಕ್ಕದಲ್ಲೇ ಟೆಕ್ಸನ್ ಇಟ್ಕೊಂಡು 7200ರಿಂದ ಮೇಲೆ ಹುಡುಕಿ, ಅದೇ ಹಾಡು ಅದೇ ಸಾಲಲ್ಲಿ ಸಿಕ್ಕೇ ಸಿಗುತ್ತೆ.

ನಮ್ಮೂರಲ್ಲಿ ಇನ್ನೊಂಥರ ಕಾಟ ಇತ್ತು. ಆಕಾಶವಾಣಿ ಭದ್ರಾವತಿ 675 ಕಿಲೋಹರ್ಟ್ಸ್ ಮೀಡಿಯಂ ವೇವ್ ಅಲ್ವಾ, ಟವರ್ ಹತ್ರದ ಮನೆಯೋರು "ಸಾರ್ ಶಾರ್ಟ್‌ವೇವ್ ಹಾಕಿದ್ರೂ ಭದ್ರಾವತಿನೇ ಬರುತ್ತೆ, ಸೆಟ್ ಕೆಟ್ಟಿದೆ" ಅಂತ ಅಂಗಡಿಗೆ ತರೋರು. ಸೆಟ್ ಕೆಟ್ಟಿರ್ಲಿಲ್ಲ, ಓವರ್‌ಲೋಡು. ಅಷ್ಟು ಹತ್ರದ ಸಿಗ್ನಲ್‌ಗೆ ಮುಂದಿನ ಟ್ರಾನ್ಸಿಸ್ಟರ್ ತತ್ತರಿಸಿ ಎಲ್ಲೆಲ್ಲೋ ಕಾಣ್ಸೋದು. ಮನೆಗೆ ತಗೊಂಡೋಗ್ಬೇಡಿ ನೆಂಟರ ಮನೆಗೆ ಕೊಡಿ ಅಂತ ಹೇಳಿ ಕಳಿಸ್ತಿದ್ದೆ.

ಟಿಕ್ ಟಿಕ್‌ಗೆ ಎರಡೇ ಪ್ರಶ್ನೆ. ಒಂದೇ ಫ್ರೀಕ್ವೆನ್ಸಿಲಿ ಇದ್ಯಾ, ಡಯಲ್ ಪೂರ್ತಿ ಇದ್ಯಾ? ಕರೆಂಟ್ ಹೋದಾಗ ಏನಾಗುತ್ತೆ?

ತೀರ್ಥಳ್ಳಿ_ತೋಟ:
3ರಿಂದ 8 ಮೆಗಾಹರ್ಟ್ಸ್‌ವರೆಗೂ ಇದೆ ಸಾರ್, ಮೀಡಿಯಂ ವೇವಲ್ಲಿ ಇನ್ನೂ ಜೋರು. ಕರೆಂಟ್ ಹೋದ್ರೂ ನಿಲ್ಲಲ್ಲ, ಉಳಿದ ಗಲಾಟೆ ಎಲ್ಲ ಹೋಗಿ ಅದೊಂದೇ ಇನ್ನೂ ನೀಟಾಗಿ ಕೇಳ್ಸುತ್ತೆ.

ಹೊಸನಗರ_ಗದ್ದೆ:
ಬೇಲಿ ಮಾರಾಯ ಅದು. ಪಕ್ಕದ ತೋಟದೋರು ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿದಾರಾ ಕೇಳು. ಕತ್ಲಾದ್ಮೇಲೆ ಆನ್ ಮಾಡ್ತಾರೆ, ಬ್ಯಾಟರಿ ಮೇಲೆ ಓಡುತ್ತೆ, ಅದಕ್ಕೇ ಕರೆಂಟ್ ಹೋದ್ರೂ ನಿಲ್ಲಲ್ಲ.

ಭದ್ರಾವತಿ_ರಿಪೇರಿ:
ಸರಿಯಾಗಿ ಹೇಳಿದ್ರಿ. ಆ ಮಷಿನ್ ಒಳಗೆ ಒಂದು ಕೆಪಾಸಿಟರ್ ತುಂಬ್ಕೊಂಡು ಸೆಕೆಂಡಿಗೊಂದ್ಸಲ ಟ್ರಾನ್ಸ್‌ಫಾರ್ಮರ್ ಮೂಲಕ ಬೇಲಿಗೆ ಹೊಡಿಯುತ್ತೆ, ಕೆಲವು ಸಾವಿರ ವೋಲ್ಟ್, ಆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಮುಗಿದೋಗುತ್ತೆ. ಬೇಲಿ ನೆಟ್ಟಗಿದ್ರೆ ರೇಡಿಯೋಗೆ ಅಷ್ಟು ತೊಂದ್ರೆ ಇಲ್ಲ. ಬಳ್ಳಿ ತಾಗ್ತಿದ್ರೆ, ಇನ್ಸುಲೇಟರ್ ಸೀಳಿದ್ರೆ, ಅಲ್ಲೊಂದು ಕಿಡಿ ಹಾರುತ್ತೆ ನೋಡಿ, ಆ ಕಿಡಿ ಎಲ್ಲಾ ಬ್ಯಾಂಡಿಗೂ ಹರಡುತ್ತೆ, ನೂರಾರು ಮೀಟರ್ ತಂತಿ ಅದಕ್ಕೆ ಏರಿಯಲ್ಲು. ಮಾರ್ಕೋನಿ ಕಾಲದ ಸ್ಪಾರ್ಕ್ ಟ್ರಾನ್ಸ್‌ಮಿಟರ್ ಮಾಡ್ತಿದ್ದಿದ್ದೂ ಇಷ್ಟೇ. ಅಂದ್ರೆ ಲೈಸೆನ್ಸ್ ಇಲ್ದಿರೋ ಟ್ರಾನ್ಸ್‌ಮಿಟರ್ ನಿಮಗೆ ಸಿಕ್ಕಿದ್ದು ನಿಜ, ರಷ್ಯಾದಲ್ಲಿ ಅಲ್ಲ, ಪಕ್ಕದ ತೋಟದಲ್ಲಿ.

ಸಾಗರ_ಶಾರ್ಟ್‌ವೇವ್:
ಹ್ಹಹ್ಹ. ಪಿಪ್ ಬಗ್ಗೆ ಹೇಳ್ತೀನಿ. ಅದು ಹಗಲು 5448, ರಾತ್ರಿ 3756. ನಿಮಿಷಕ್ಕೆ ಸುಮಾರು 50 ಸಲ, ಹಾಗಾಗಿ ವೇಗ ಬೇಲಿ ಥರಾನೇ ಅನ್ಸೋದ್ರಲ್ಲಿ ಆಶ್ಚರ್ಯ ಇಲ್ಲ. ಆದ್ರೆ ಬೇಲಿ ಶಬ್ದ ಒಣ ಕಡ್ಡಿ ಮುರಿದಂಗಿರುತ್ತೆ, ಪಿಪ್‌ಗೆ ಸ್ವರ ಇದೆ, ಡಯಲ್ 10 ಕಿಲೋಹರ್ಟ್ಸ್ ಸರಿಸಿದ್ರೆ ಮಾಯ.

ಹುಡುಕೋದಾದ್ರೆ ಮೊದ್ಲು ಬಜರ್ ಹುಡುಕಿ, 4625, ಯುಎಸ್‌ಬಿ ಮೋಡಲ್ಲಿ (ಪೆನ್‌ಡ್ರೈವ್ ಯುಎಸ್‌ಬಿ ಅಲ್ಲಪ್ಪ, ಅಪ್ಪರ್ ಸೈಡ್‌ಬ್ಯಾಂಡು, ಒಬ್ರು ನಿಜವಾಗ್ಲೂ ಕೇಬಲ್ ಹಾಕ್ಬೇಕಾ ಅಂತ ಕೇಳಿದ್ರು). ಯುವಿಬಿ-76 ಅಂತ ಹೆಸ್ರುವಾಸಿ. ನಿಮಿಷಕ್ಕೆ 25 ಸಲದ ಹಾಗೆ ಗೊರಗೊರ ಅಂತ ಕೂಗ್ತಾ ಇರುತ್ತೆ, ಯಾವಾಗ್ಲೋ ಒಂದ್ಸಲ ಅದು ನಿಂತು ಒಬ್ಬ ರಷ್ಯನ್‌ನಲ್ಲಿ ಕರೆಸಂಕೇತ, ಒಂದಷ್ಟು ಅಂಕಿ, ಒಂದೆರಡು ಪದ ಓದಿ ಹೋಗ್ತಾನೆ. ಯೂಟ್ಯೂಬಲ್ಲಿ ಇದನ್ನ ಅಣುಬಾಂಬ್ ಸ್ವಿಚ್ಚು, ಸತ್ತವರ ರೇಡಿಯೋ, ಇನ್ನೇನೇನೋ ಮಾಡ್ಬಿಟ್ಟಿದಾರೆ, ಸುಮ್ನೆ ವ್ಯೂಸ್‌ಗೆ. ರಷ್ಯಾ ಸೇನೆಯ ಸಂದೇಶ ಜಾಲ ಅನ್ನೋದು ಬಹುತೇಕ ಎಲ್ಲ ಕೇಳುಗರ ಅಭಿಪ್ರಾಯ. ಸಂದೇಶ ಇಲ್ದಾಗ ಚಾನೆಲ್ ಖಾಲಿ ಬಿಟ್ರೆ ಬೇರೆಯೋರು ಬಂದು ಕೂರ್ತಾರೆ, ಅದಕ್ಕೆ ಶಬ್ದ ಹಾಕಿ ಜಾಗ ಹಿಡ್ಕೊಂಡಿರೋದು. ಬಸ್ ಸೀಟಿಗೆ ಯಾರೂ ಟವೆಲ್ ಹಾಕೇ ಇಲ್ವಾ ನಮ್ಮೂರಲ್ಲಿ.

ನಮ್ಮ ಕಡೆಗೆ ನನ್ನ ಪ್ರಕಾರ ಇದಕ್ಕಿಂತ ಮಜ 7039 ಕಿಲೋಹರ್ಟ್ಸು. ರಷ್ಯಾ ನೌಕಾಪಡೆ ಬೀಕನ್‌ಗಳು, ಒಂದೊಂದು ಊರಿಗೆ ಒಂದೊಂದೇ ಅಕ್ಷರ, ಹಗಲೂ ರಾತ್ರಿ ಮೋರ್ಸಲ್ಲಿ ಅದೇ ಅಕ್ಷರ. ಎಫ್ ಅಂದ್ರೆ ವ್ಲಾಡಿವೊಸ್ಟಾಕ್, ಕೆ ಕಮ್ಚಾಟ್ಕಾ, ಎಂ ಮಗದಾನ್, ಡಿ ಸೆವಾಸ್ಟೊಪೋಲ್, ಎಸ್ ಸೆವೆರೊಮೋರ್ಸ್ಕ್. ಒಂದಕ್ಕೊಂದು 100 ಹರ್ಟ್ಸ್ ಅಂತರದಲ್ಲಿ ಸಾಲಾಗಿ ಕೂತಿವೆ, ಹಾಗಾಗಿ ಒಂದೇ ಕಡೆ ಡಯಲ್ ಇಟ್ರೆ ಬೇರೆ ಬೇರೆ ಸ್ವರದಲ್ಲಿ ಎಲ್ಲ ಕೇಳ್ಸುತ್ತೆ. ಸಂಜೆ ಮೊದ್ಲು ಪೂರ್ವದ್ದು ಬರುತ್ತೆ, ರಾತ್ರಿ ಪಶ್ಚಿಮಕ್ಕೆ ಸರಿದಂಗೆ ಸರಿದಂಗೆ ಡಿ, ಎಸ್ ಏಳುತ್ತೆ. ಕತ್ಲು ಭೂಮಿ ಮೇಲೆ ಎಲ್ಲಿವರೆಗೆ ಹೋಗಿದೆ ಅಂತ ಜಗಲೀಲಿ ಕೂತು ಕಿವೀಲಿ ಅಳೀಬೋದು. ಮೋರ್ಸ್ ಪೂರ್ತಿ ಕಲೀಬೇಕಾಗಿಲ್ಲ, ಐದಾರು ಅಕ್ಷರ ಗೊತ್ತಿದ್ರೆ ಸಾಕು.

ಸೆಮಿಸ್ಟರ್_ಬ್ಯಾಕ್:
ಅಣ್ಣ, ಹಗಲು ಯಾಕೆ ಬರಲ್ಲ ಇವೆಲ್ಲ?

ಶಿವಮೊಗ್ಗ_ಹ್ಯಾಮ್:
ಹಗಲು ಬಿಸ್ಲಿಗೆ ಮೇಲೆ ಡಿ ಲೇಯರ್ ಅಂತ ಒಂದು ಪದರ ಎದ್ದಿರುತ್ತೆ, ಕೆಳಗಿನ ಫ್ರೀಕ್ವೆನ್ಸಿಗಳನ್ನ ಅದು ನುಂಗ್ಬಿಡುತ್ತೆ. ಸಂಜೆ ಅದು ಕರಗುತ್ತೆ, ಆಗ 4625, 7039 ಎಲ್ಲ ಇನ್ನೂ ಮೇಲಿರೋ ಎಫ್ ಲೇಯರ್‌ವರೆಗೆ ಹೋಗಿ ವಾಪಸ್ ಬೀಳುತ್ತೆ. ಹಗಲು ಕೇಳ್ಬೇಕು ಅಂದ್ರೆ 10 ಮೆಗಾಹರ್ಟ್ಸ್ ಮೇಲೆ ಹೋಗು.

ತೋಟದವ್ರ ಎರಡನೇ ಐಟಂ ಇದೆಯಲ್ಲ, ಲೈಸೆನ್ಸ್ ಇಲ್ದಿರೋರು ಅಂದ್ರೆ ಅವ್ರು. ಆಗ್ನೇಯ ಏಷ್ಯಾ ಕಡೆ ಮೀನುಗಾರರು, ಅದ್ರಲ್ಲೂ ಇಂಡೋನೇಷ್ಯಾ. ದೋಣಿಗೆ ಹ್ಯಾಮ್ (ಲೈಸೆನ್ಸ್ ತಗೊಂಡ ಹವ್ಯಾಸಿಗಳ ರೇಡಿಯೋ) ಸೆಟ್ ಹಾಕ್ಕೊಂಡು, ಹ್ಯಾಮ್ ಬ್ಯಾಂಡ್ ಹೊರಗೂ ಟ್ರಾನ್ಸ್‌ಮಿಟ್ ಆಗೋ ಹಾಗೆ ಒಳಗೆ ಕೈಯಾಡಿಸಿ, ಖಾಲಿ ಕಂಡಲ್ಲಿ ಮಾತಾಡ್ತಾರೆ. ಸುಮಾತ್ರಾ ನಮ್ಮಿಂದ 2-3 ಸಾವಿರ ಕಿಲೋಮೀಟರ್, ಮಧ್ಯ ಬಹುಪಾಲು ಸಮುದ್ರ, ರಾತ್ರಿ 7 ಮೆಗಾಹರ್ಟ್ಸ್‌ಗೆ ಇದು ಆರಾಮದ ದೂರ. 7000 ಮೇಲಿನ ನಮ್ಮ ಬ್ಯಾಂಡಿಗೂ ನುಗ್ತಾರೆ, ನಾವು ಕಾಲ್ ಹಾಕ್ತಾ ಇದ್ರೆ ಮೇಲೇ ಬಂದು ಶಿಳ್ಳೆ. ಬೈಕೊಳ್ಳೋದು ನಿಜ, ಆದ್ರೆ ಸಮುದ್ರ ಮಧ್ಯ ಇರೋನಿಗೆ ಅದೊಂದೇ ಮನೆ ಮಾತು ಅನ್ನೋದೂ ಗೊತ್ತು. ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಆರ್‌ಯುನಲ್ಲಿ ಹೀಗೆ ನುಗ್ಗೋರ ವರದಿ ತಗೊಳ್ಳೋಕೆ ಮಾನಿಟರಿಂಗ್ ಸಿಸ್ಟಮ್ ಇದೆ, ಅಲ್ಲಿಗೆ ಕಳಿಸ್ತಾರೆ.

ಇನ್ನೊಂದು, 28 ಮೆಗಾಹರ್ಟ್ಸ್‌ನಲ್ಲಿ ಒಂದೆರಡು ಅಕ್ಷರದ ಮೋರ್ಸ್ ಮತ್ತೆ ಮತ್ತೆ ಬಂದ್ರೆ ಅದು ಗೂಢಚಾರ ಅಲ್ಲ, ಬಲೆಗೆ ಕಟ್ಟಿರೋ ತೇಲುಬುಂಡೆ. ಬಲೆ ಎಲ್ಲಿಗೆ ತೇಲ್ಕೊಂಡು ಹೋಯ್ತು ಅಂತ ದೋಣಿಯೋರು ಹುಡುಕೋಕೆ.

ಶೃಂಗೇರಿ_ಅಕ್ಕ:
ನನ್ನ ಲಾಗ್ ಬುಕ್ಕಲ್ಲಿ ಅತಿ ಹೆಚ್ಚು ಪುಟ ತಿಂದಿರೋದು ಇವ್ಯಾವೂ ಅಲ್ಲ, ಚೀನಾದ ಜಾಮಿಂಗು. ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ. ಒಂದು ಫ್ರೀಕ್ವೆನ್ಸಿಲಿ ಡೋಲು, ಜಾಗಟೆ, ಕಹಳೆ ಥರ ವಾದ್ಯ, ನಿಲ್ಲದೇ ಚೀನೀ ಸಂಗೀತ, ಅನೌನ್ಸ್‌ಮೆಂಟೇ ಇಲ್ಲ. ಮೊದ್ಲ ಸಲ ಕೇಳ್ದಾಗ ಯಾವ್ದೋ ಒಳ್ಳೇ ಸಂಗೀತದ ಪೈರೇಟ್ ಸಿಕ್ತು ಅನ್ಸುತ್ತೆ, ಎಲ್ರಿಗೂ ಹಂಗೇ ಅನ್ಸೋದು. ಕೇಳುಗರು ಅದನ್ನ ಫೈರ್‌ಡ್ರೇಕ್ ಅಂತಾರೆ. ಸೌಂಡ್ ಆಫ್ ಹೋಪ್ ಥರದ, ಬೀಜಿಂಗ್‌ಗೆ ಇಷ್ಟ ಇಲ್ದಿರೋ ಸ್ಟೇಷನ್ ಮೇಲೆ ಅದನ್ನ ಸುರಿಯೋದು. ಸುಮಾರು ಸಲ ಸಂಗೀತದ ಬದ್ಲು ಅವ್ರದೇ ಸರ್ಕಾರಿ ರೇಡಿಯೋ ಸಿಎನ್‌ಆರ್-1 ಕಾರ್ಯಕ್ರಮನೇ ಹಾಕ್ತಾರೆ. ವಾಯ್ಸ್ ಆಫ್ ಟಿಬೆಟ್ ಮೇಲೂ ಇದೇ ಆಟ, ಅವ್ರು ಸ್ವಲ್ಪ ಸ್ವಲ್ಪ ಫ್ರೀಕ್ವೆನ್ಸಿ ಸರಿಸ್ಕೊಂಡು ತಪ್ಪಿಸ್ಕೋತಾರೆ, ಇವ್ರು ಹಿಂದೇನೇ. ಮುಂಡಗೋಡದ ಟಿಬೆಟನ್ ಕ್ಯಾಂಪಲ್ಲಿ ಕೂತು ಕೇಳೋರಿಗೆ ಹೆಂಗನ್ಸುತ್ತೋ.

ಇನ್ನು ನಂಬರ್ ಸ್ಟೇಷನ್, ಗೂಢಚಾರರಿಗೆ ಗುಪ್ತ ಸಂದೇಶ ಕಳಿಸೋದು. ಹೆಂಗಸಿನ ದನಿ ಐದೈದು ಅಂಕಿ ಓದ್ತಾ ಹೋಗೋದು. ಬರ್ಕೊಂಡು ಬಿಡಿಸೋಕೆ ಕೂರ್ಬೇಡಿ ದಯವಿಟ್ಟು, ಒನ್ ಟೈಮ್ ಪ್ಯಾಡ್ ಅದು. ಸಂದೇಶದಷ್ಟೇ ಉದ್ದದ ಗೊತ್ತುಗುರಿ ಇಲ್ದಿರೋ ಕೀ, ಒಂದ್ಸಲ ಬಳಸಿ ಸುಟ್ಟಾಕೋದು, ಕೀ ಇಲ್ದೆ ಎಂಥ ಕಂಪ್ಯೂಟರ್ ತಂದ್ರೂ ಬಿಡ್ಸೋಕಾಗಲ್ಲ. ಇಂಟರ್ನೆಟ್ ಕಾಲದಲ್ಲೂ ಇದು ಯಾಕೆ ಬದುಕಿದೆ ಅಂದ್ರೆ ಕೇಳೋನು ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಅಂಗಡೀಲಿ ಸಿಗೋ ರೇಡಿಯೋ ಸಾಕು. ಅಮೆರಿಕದಲ್ಲಿ 2001ರಲ್ಲಿ ಸಿಕ್ಕಿಬಿದ್ದ ಆನಾ ಮೊಂಟೆಸ್ ಅಲ್ಲಿನ ರಕ್ಷಣಾ ಗುಪ್ತಚರ ಇಲಾಖೇಲಿ ದೊಡ್ಡ ಹುದ್ದೇಲಿದ್ದೋಳು, ಕ್ಯೂಬಾ ಕಳಿಸ್ತಿದ್ದ ಅಂಕಿಗಳನ್ನ ಮಾಮೂಲಿ ಸೋನಿ ಶಾರ್ಟ್‌ವೇವಲ್ಲಿ ಕೇಳ್ತಿದ್ಲು. ಉತ್ತರ ಕೊರಿಯಾ ಅಂತೂ 2016ರಲ್ಲಿ ದೂರಶಿಕ್ಷಣ ವಿದ್ಯಾರ್ಥಿಗಳಿಗೆ ಪುನರಾವರ್ತನೆ ಪಾಠ ಅಂತ ಹೇಳಿ ಪುಟ ಸಂಖ್ಯೆ, ಲೆಕ್ಕದ ಸಂಖ್ಯೆ ಓದೋಕೆ ಶುರು ಮಾಡ್ತು. ಹೋಮ್‌ವರ್ಕು!

ಸೆಮಿಸ್ಟರ್_ಬ್ಯಾಕ್:
ಅಕ್ಕಾ ಸೂಪರ್. ಆದ್ರೆ ನಂಗೆ ಪೈರೇಟ್ ಅಂದ್ರೆ ಹಾಡು ಹಾಕಿ ಡಿಜೆ ಮಾತಾಡೋ ಥರದ್ದು ಬೇಕು. ಅಂಥವು ಇಲ್ಲಿ ಸಿಗುತ್ತಾ? ಮತ್ತೆ ನಾವು ಹಾಸ್ಟೆಲಲ್ಲಿ ಸಣ್ಣ ಪವರಲ್ಲಿ ಒಂದು ಶುರು ಮಾಡಿದ್ರೆ ಏನಾಗುತ್ತೆ? ಒಂದು ವ್ಯಾಟ್ ಅಷ್ಟೇ.

ಸಾಗರ_ಶಾರ್ಟ್‌ವೇವ್:
ಮೊದಲನೇದಕ್ಕೆ ಉತ್ತರ: ಯುರೋಪಿನೋರು 6200ರಿಂದ 6400, ಅಮೆರಿಕದೋರು 6925 ಸುತ್ತ. ವಾರಾಂತ್ಯಕ್ಕೆ ಜಾಸ್ತಿ, ಯುರೋಪಿನೋರ ಸಂಜೆ ಅಂದ್ರೆ ನಮಗೆ ಮಧ್ಯರಾತ್ರಿ ದಾಟಿರುತ್ತೆ. ಹತ್ತಾರು ವ್ಯಾಟಿನ ಸಣ್ಣ ಸೆಟ್ಟುಗಳೇ ಜಾಸ್ತಿ, ಇಲ್ಲಿಗೆ ಬರೋದು ತೀರಾ ಅಪರೂಪ, ಚಳಿಗಾಲದ ಬೆಳಗಿನ ಜಾವ ಪ್ರಯತ್ನ ಮಾಡ್ಬೋದು. ಸುಮ್ನೆ ರುಚಿ ನೋಡೋಕೆ ನೆದರ್ಲೆಂಡ್ಸಿನ ಟ್ವೆಂಟೆ ಯೂನಿವರ್ಸಿಟಿ ವೆಬ್‌ಎಸ್‌ಡಿಆರ್ (ನೆಟ್ಟಲ್ಲಿ ಕೇಳೋ ರೇಡಿಯೋ) ಇದೆ, ಮೊಬೈಲಲ್ಲೇ ಓಪನ್ ಆಗುತ್ತೆ, ಅಲ್ಲಿ ಡಚ್ ಪೈರೇಟ್ ಬೇಕಾದಷ್ಟು. ಅವ್ರಿಗೆಲ್ಲ ದೊಡ್ಡಣ್ಣ ರೇಡಿಯೋ ಕ್ಯಾರೊಲೈನ್, 1964ರಲ್ಲಿ ಇಂಗ್ಲೆಂಡ್ ತೀರದಾಚೆ ಹಡಗಲ್ಲಿ ಕೂತು ಶುರು ಮಾಡಿದ್ದು. 1967ರಲ್ಲಿ ಸರ್ಕಾರ ಅಂಥ ಹಡಗುಗಳ ವಿರುದ್ಧ ಕಾಯ್ದೆನೇ ತಂತು. ಈಗ ಅದೇ ಕ್ಯಾರೊಲೈನ್ ಲೈಸೆನ್ಸ್ ತಗೊಂಡು 648 ಕಿಲೋಹರ್ಟ್ಸಲ್ಲಿ ಸಭ್ಯವಾಗಿ ಓಡ್ತಿದೆ, ಮಜಾನೇ ಹೋಯ್ತು ಅನ್ನೋರೂ ಇದಾರೆ.

ಶಿವಮೊಗ್ಗ_ಹ್ಯಾಮ್:
ಎರಡನೇದಕ್ಕೆ ನಾನು ಹೇಳ್ತೀನಿ: ಬೇಡ. ಒಂದು ವ್ಯಾಟೋ ಅರ್ಧ ವ್ಯಾಟೋ, ಲೈಸೆನ್ಸ್ ಇಲ್ದೆ ಪ್ರಸಾರ ಮಾಡೋದು ಅಪರಾಧ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಅಂತಿತ್ತು, ಈಗ 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ. ಬಿಹಾರದ ಮನ್ಸೂರ್‌ಪುರದಲ್ಲಿ ರಿಪೇರಿ ಅಂಗಡಿ ಹುಡುಗ ಒಬ್ಬ ಕಡಿಮೆ ದುಡ್ಡಲ್ಲಿ ಎಫ್‌ಎಂ ಮಾಡಿದ್ದ, ಊರವ್ರಿಗೆಲ್ಲ ಭಾರಿ ಇಷ್ಟ, ಆದ್ರೂ 2006ರಲ್ಲಿ ಮುಚ್ಚಿಸಿದ್ರು. ಕೈಗೆ ಮೈಕ್ ಬೇಕೇ ಬೇಕು ಅಂದ್ರೆ ಹ್ಯಾಮ್ ಪರೀಕ್ಷೆ ಬರಿ. 12 ವರ್ಷ ದಾಟಿದ್ರೆ ಸಾಕು, ಕೆಳಗಿನ ದರ್ಜೆ ಆದ ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸೂ ಬೇಡ. ಹಾಡು ಮಾತ್ರ ಹಾಕೋ ಹಾಗಿಲ್ಲ.

ಭದ್ರಾವತಿ_ರಿಪೇರಿ:
ಹುಡುಗನ ಉತ್ಸಾಹಕ್ಕೆ ಪೂರ್ತಿ ನೀರು ಹಾಕ್ಬೇಡಿ ಮಾರಾಯ್ರೆ. ನಮ್ಮ ದೇಶದ ದೊಡ್ಡ ಪೈರೇಟ್ ಸ್ಟೇಷನ್ ನಡೆಸಿದ್ದೂ ಕಾಲೇಜು ವಯಸ್ಸಿನೋಳೇ. ಉಷಾ ಮೆಹ್ತಾ, ಆಗ 22 ವರ್ಷ. ಕ್ವಿಟ್ ಇಂಡಿಯಾ ಟೈಮಲ್ಲಿ, 1942ರ ಆಗಸ್ಟ್ 27ಕ್ಕೆ ಬಾಂಬೆಲಿ ಕಾಂಗ್ರೆಸ್ ರೇಡಿಯೋ ಶುರು. 42.34 ಮೀಟರ್‌ನಲ್ಲಿ, ಭಾರತದ ಎಲ್ಲಿಂದಲೋ ಅಂತ ಹೇಳ್ಕೊಂಡು ಬರ್ತಿತ್ತು. ಲೋಹಿಯಾ ಬೆನ್ನಿಗಿದ್ರು, ಸಾಮಾನು ಕೊಟ್ಟೋರಲ್ಲಿ ಶಿಕಾಗೋ ರೇಡಿಯೋದ ನಾನಕ್ ಮೋಟ್ವಾನಿ. ಪೊಲೀಸ್ರು ಫ್ರೀಕ್ವೆನ್ಸಿ ಹಿಡ್ಕೊಂಡು ವ್ಯಾನಲ್ಲಿ ಹುಡುಕ್ತಾ ಬಂದಂಗೆ ಇವ್ರು ಮನೆ ಬದಲಾಯಿಸ್ತಾ ಇದ್ರು, ನವೆಂಬರ್ 12ಕ್ಕೆ ಸಿಕ್ಕಿಬಿದ್ರು, ಉಷಾ ಅವ್ರಿಗೆ ನಾಲ್ಕು ವರ್ಷ ಜೈಲು. ನಮ್ಮ ಜಿಲ್ಲೇಲಿ ಶಿಕಾರಿಪುರದ ಈಸೂರು ತಾನು ಸ್ವತಂತ್ರ ಅಂತ ಘೋಷಿಸ್ಕೊಂಡಿದ್ದೂ ಅದೇ ವರ್ಷ. ಅಲ್ಲಿ ಯಾರ ಮನೇಲಾದ್ರೂ ಶಾರ್ಟ್‌ವೇವ್ ಸೆಟ್ ಇತ್ತಾ ಅಂತ ಯೋಚನೆ ಬರುತ್ತೆ ನಂಗೆ.

ಶಿವಮೊಗ್ಗ_ಹ್ಯಾಮ್:
ಸಾರ್ 42.34 ಮೀಟರ್ ಅಂದ್ರೆ ಲೆಕ್ಕ ಹಾಕಿ, 7080 ಕಿಲೋಹರ್ಟ್ಸ್ ಹತ್ತತ್ರ. ನಮ್ಮ ಈಗಿನ 40 ಮೀಟರ್ ಹ್ಯಾಮ್ ಬ್ಯಾಂಡ್ 7000ರಿಂದ 7200, ಅದ್ರೊಳಗೇ ಬಂತು! ಬೆಳಿಗ್ಗೆ ಬೆಳಿಗ್ಗೆ ನಾವು ಮಳೆ ಬಂತಾ, ಕಾಫಿ ಆಯ್ತಾ ಅಂತ ಹರಟೆ ಹೊಡಿಯೋ ಜಾಗ ಅದು.

ಹೊಸನಗರ_ಗದ್ದೆ:
ಅವ್ರು ಬ್ರಿಟಿಷರ ವಿರುದ್ಧ ಮಾಡಿದ್ದು, ಇವ್ನು ವಾರ್ಡನ್ ವಿರುದ್ಧ ಮಾಡ್ತಾನೆ. ಎರಡೂ ಒಂದೇನಾ 😄

ಶೃಂಗೇರಿ_ಅಕ್ಕ:
ತೋಟದ ತಮ್ಮಾ, ಯಾವ್ದೇ ಗುರುತಿಲ್ದಿರೋ ಶಬ್ದಕ್ಕೂ ನಾನು ಮಾಡೋದು ಹೇಳ್ತೀನಿ. ಮೊದ್ಲು ಮನೆ ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರೀಲಿ ಕೇಳೋದು, ಎಲ್‌ಇಡಿ ಬಲ್ಬು, ಇನ್ವರ್ಟರ್, ಫೋನ್ ಚಾರ್ಜರ್ ಗಲಾಟೆ ಅಲ್ಲೇ ಹೋಗುತ್ತೆ. ಆಮೇಲೆ ಏರಿಯಲ್ ವೈರ್ ಕೀಳೋದು, ಕಿತ್ರೂ ಅಷ್ಟೇ ಜೋರಿದ್ರೆ ಅದು ಹತ್ರದ್ದು. ಆಮೇಲೆ ಬೇರೆ ಬೇರೆ ಊರಿನೋರು ನೆಟ್ಟಲ್ಲಿ ಎಲ್ರಿಗೂ ಕೇಳೋಕೆ ಬಿಟ್ಟಿರೋ ಕಿವಿಎಸ್‌ಡಿಆರ್ (KiwiSDR) ರಿಸೀವರ್‌ಗಳಿವೆಯಲ್ಲ, ಅದ್ರಲ್ಲಿ ನಮ್ಮ ಸುತ್ತಿನ ಒಂದೆರಡು ಓಪನ್ ಮಾಡಿ ಅದೇ ಫ್ರೀಕ್ವೆನ್ಸಿ ಕೇಳೋದು. ನನ್ನ ರೇಡಿಯೋಲೂ ಅಲ್ಲೂ ಒಟ್ಟಿಗೆ ಬಂದ್ರೆ ಮಾತ್ರ ಲಾಗ್ ಬುಕ್ ತೆಗೀತೀನಿ. ಕಿವಿಎಸ್‌ಡಿಆರಲ್ಲಿ ಇನ್ನೊಂದು ಸೌಕರ್ಯ ಇದೆ, ಮೂರ್ನಾಲ್ಕು ಊರಿನ ರಿಸೀವರ್‌ಗೆ ಸಿಗ್ನಲ್ ಬಂದ ಹೊತ್ತಿನ ಸಣ್ಣ ವ್ಯತ್ಯಾಸ ಜಿಪಿಎಸ್ ಗಡಿಯಾರದಲ್ಲಿ ಅಳೆದು ಎಲ್ಲಿಂದ ಬರ್ತಿದೆ ಅಂತ ನಕ್ಷೆ ಮೇಲೆ ತೋರಿಸುತ್ತೆ. ಗುಂಡಿ ಒತ್ತಿದ್ರೆ ಉತ್ತರ ಅಲ್ಲ, ರಿಸೀವರ್ ಆಯ್ಕೆ ಸರಿ ಮಾಡ್ದಿದ್ರೆ ಸಮುದ್ರ ಮಧ್ಯ ಬೊಟ್ಟು ಮಾಡುತ್ತೆ. ನಂಬರ್ ಸ್ಟೇಷನ್ ವೇಳಾಪಟ್ಟಿಗೆ ಪ್ರಿಯೋಮ್ ಸೈಟು, ಪೈರೇಟ್‌ಗೆ ಎಚ್‌ಎಫ್ ಅಂಡರ್‌ಗ್ರೌಂಡ್.

ಯಾವ್ದೇ ಆದ್ರೂ ದಿನಾಂಕ ಜೊತೆ ಯುಟಿಸಿ (ಪ್ರಪಂಚಕ್ಕೆಲ್ಲ ಒಂದೇ ಇರೋ ಗಡಿಯಾರ) ಸಮಯ ಬರೀರಿ, ನಮ್ಮ ಗಂಟೆಯಿಂದ ಐದೂವರೆ ಕಳೆದು. ನಮ್ಮ ಟೈಮಲ್ಲಿ ಬರೆದ ಲಾಗ್ ಹೊರಗಿನೋರ ಜೊತೆ ಹೋಲಿಸೋಕೆ ಹೋದಾಗ ತಲೆ ಕೆಡುತ್ತೆ.

ತೀರ್ಥಳ್ಳಿ_ತೋಟ:
ಅಪ್‌ಡೇಟ್. ಪಕ್ಕದ ತೋಟದ ಭಾವ ರಾತ್ರಿ ಐದು ನಿಮಿಷ ಬೇಲಿ ಆಫ್ ಮಾಡಿದ್ರು, ನಾನು ಜಗಲೀಲಿ ರೇಡಿಯೋ ಹಿಡ್ಕೊಂಡು ಫೋನಲ್ಲಿ. ಆಫ್ ಅಂದ್ರು, ಟಿಕ್ ನಿಂತ್ತು. ಆನ್ ಅಂದ್ರು, ಬಂತು. ಡಬ್ಬಿ ರೇಡಿಯೋ ಹಾಡೂ ಟೆಕ್ಸನಲ್ಲಿ 7200 ಮೇಲೆ ಸಿಕ್ತು, ರಿಪೇರಿ ಸಾರ್ ಲೆಕ್ಕ ಪಕ್ಕಾ. ಎರಡನೇದ್ರದ್ದು ರೆಕಾರ್ಡ್ ಮಾಡಿ ಹ್ಯಾಮ್ ಅವ್ರಿಗೆ ಕಳ್ಸಿದೀನಿ.

ಶಿವಮೊಗ್ಗ_ಹ್ಯಾಮ್:
ಕೇಳ್ದೆ. ಮಧ್ಯ ಒಬ್ಬ ಎಣಿಸ್ತಾನೆ ನೋಡಿ, ಸಾತು, ದುವಾ, ತಿಗಾ ಅಂತ. ಇಂಡೋನೇಷ್ಯಾ, ಮಲೇಷ್ಯಾ ಕಡೆ ಹಂಗೆ ಎಣಿಸ್ತಾರೆ. ಹಿಂದೆ ಇಂಜಿನ್ ಸದ್ದೂ ಇದೆ, ದೋಣಿನೇ. ಆದ್ರೆ ನಿಮ್ಮ ಕ್ಲಿಪ್ಪಿನ ಕೊನೇಲಿ, ಅವ್ರೆಲ್ಲ ಸುಮ್ಮನಾದ ಮೇಲೆ, ಅದೇ ಫ್ರೀಕ್ವೆನ್ಸಿಲಿ ಗರ್ರ್ ಅಂತ ಒಂದು ಬಂದು ಪಟ್ ಅಂತ ಹೋಗುತ್ತಲ್ಲ, ಅದು ನಿಮ್ಮನೆದಲ್ಲ, ಓವರ್ ದಿ ಹೊರೈಜನ್ ರೇಡಾರ್ (ದಿಗಂತದಾಚೆ ಇರೋದನ್ನ ಪತ್ತೆ ಮಾಡೋದು) ಥರ ಇದೆ. ಹಳೇ ಸೋವಿಯೆತ್ ಡುಗಾ 1976ರಿಂದ ಟಕಟಕ ಅಂತ ಪ್ರಪಂಚಕ್ಕೆಲ್ಲ ಕಾಟ ಕೊಟ್ಟು ಮರಕುಟಿಗ ಅಂತ ಹೆಸ್ರು ತಗೊಂಡಿತ್ತು, ಈಗಿನವು ಹೀಗೆ ಗರ್ರ್ ಅನ್ನುತ್ವೆ, ಚೀನಾ, ರಷ್ಯಾ, ಸೈಪ್ರಸ್‌ನಲ್ಲಿ ಬ್ರಿಟಿಷರ ನೆಲೆ, ಎಲ್ರ ಹತ್ರಾನೂ ಇದೆ. ಬರೀ ಕಿವೀಲಿ ಯಾರ್ದು ಅಂತ ಹೇಳೋಕಾಗಲ್ಲ, ವಾಟರ್‌ಫಾಲಲ್ಲಿ (ಸಿಗ್ನಲ್‌ಗಳನ್ನ ಚಿತ್ರವಾಗಿ ತೋರ್ಸೋ ಸ್ಕ್ರೀನು) ಅಗಲ ನೋಡ್ಬೇಕು. ಮುಂದಿನ ಸಲ ಬಂದಾಗ ಕಿವಿಎಸ್‌ಡಿಆರಲ್ಲಿ ಸ್ಕ್ರೀನ್‌ಶಾಟ್ ತಗೊಳ್ಳಿ.

ಸೆಮಿಸ್ಟರ್_ಬ್ಯಾಕ್:
ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚೋ ರೇಡಿಯೋ) ತಗೊಂಡ್ರೆ ಲ್ಯಾಪ್‌ಟಾಪಲ್ಲೇ ವಾಟರ್‌ಫಾಲ್ ಬರುತ್ತೆ ಅಲ್ವಾ ಅಣ್ಣ? ವಿ3, ವಿ4 ಅಂತೆಲ್ಲ ಇದೆ.

ಸಾಗರ_ಶಾರ್ಟ್‌ವೇವ್:
ಬರುತ್ತೆ. ಶಾರ್ಟ್‌ವೇವ್‌ಗೆ ಅಂದ್ರೆ ವಿ4 ತಗೋ, ಅದ್ರೊಳಗೆ ಶಾರ್ಟ್‌ವೇವನ್ನ ಮೇಲಿನ ಫ್ರೀಕ್ವೆನ್ಸಿಗೆ ಎತ್ತೋ ಅಪ್‌ಕನ್ವರ್ಟರ್ ಇದೆ. ವಿ3 ಡೈರೆಕ್ಟ್ ಸ್ಯಾಂಪ್ಲಿಂಗಲ್ಲೂ (ಹಾಗೆ ಎತ್ತದೇ ನೇರ ಒಳಗೆ ತಗೊಳ್ಳೋದು) ನಡಿಯುತ್ತೆ, ಆದ್ರೆ ಇಮೇಜ್ ಕಾಟ ಮತ್ತೆ ಶುರು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಕೇಳು, ಇಲ್ದಿದ್ರೆ ಚಾರ್ಜರ್‌ನೇ ಕೇಳ್ತೀಯ.

ತೀರ್ಥಳ್ಳಿ_ತೋಟ:
ಬೇಲಿ ಶಬ್ದ ಕಮ್ಮಿ ಮಾಡೋಕೆ ಏನಾದ್ರೂ ಮಾಡ್ಬೋದಾ ಸಾರ್? ಹಂದಿ ಕಾಟ ಇರೋದ್ರಿಂದ ರಾತ್ರಿ ಆಫ್ ಮಾಡಿ ಅಂತ ಕೇಳೋ ಹಾಗಿಲ್ಲ.

ಭದ್ರಾವತಿ_ರಿಪೇರಿ:
ಕೇಳ್ಬೇಡಿ, ಅವ್ರ ಫಸಲು ಮುಖ್ಯ. ಅಮಾವಾಸ್ಯೆ ಕತ್ಲಲ್ಲಿ ಬೇಲಿ ಗುಂಟ ದೂರದಿಂದ ಒಂದು ರೌಂಡ್ ನೋಡ್ಕೊಂಡು ಬನ್ನಿ, ಟಾರ್ಚ್ ಆರಿಸಿ, ಎಲ್ಲಿ ನೀಲಿ ಕಿಡಿ ಕಾಣುತ್ತೋ ಗುರುತು ಹಾಕ್ಕೊಳ್ಳಿ. ಹಗಲು ಮಷಿನ್ ಆಫ್ ಮಾಡಿಸಿ ಆ ಜಾಗದ ಬಳ್ಳಿ ಸವರಿ, ಸೀಳಿದ ಇನ್ಸುಲೇಟರ್ ಬದಲಾಯಿಸಿ, ತಂತಿ ಸುಮ್ನೆ ಸುತ್ತಿರೋ ಗಂಟುಗಳನ್ನ ಬಿಗಿ ಮಾಡಿ, ಅರ್ತ್ ರಾಡ್ ಸರಿ ಇದ್ಯಾ ನೋಡಿ. ಅವ್ರ ಬೇಲಿಗೆ ಹೊಡೆತ ಜಾಸ್ತಿ ಆಗುತ್ತೆ, ನಿಮಗೆ ಟಿಕ್ ಕಮ್ಮಿ ಆಗುತ್ತೆ, ಭಾವನೂ ಖುಷಿ. ನಿಮ್ಮ ವೈರ್‌ನ ಬೇಲಿಗೆ ಸಮಾನಾಂತರ ಕಟ್ಟಿದ್ರೆ ಅಡ್ಡ ತಿರುಗಿಸಿ. ಗುಡುಗು ಶುರುವಾದ್ರೆ ಮಾತ್ರ ವೈರ್ ಕಿತ್ತು ಮನೆ ಹೊರಗೇ ಬಿಡಿ, ಆಗುಂಬೆ ಕಡೆ ಮಿಂಚಿಗೆ ಯಾವ ಫ್ಯೂಸೂ ಉತ್ತರ ಅಲ್ಲ.

ತೀರ್ಥಳ್ಳಿ_ತೋಟ:
ಬಳ್ಳಿ ಸವರಿ ಆಯ್ತು, ಮೂರು ಇನ್ಸುಲೇಟರ್ ಒಡೆದಿತ್ತು, ಭಾವನೇ ತಂದು ಹಾಕಿದ್ರು. ಮೀಡಿಯಂ ವೇವಲ್ಲಿ ಇನ್ನೂ ಸಣ್ಣಗೆ ಇದೆ, 5 ಮೆಗಾಹರ್ಟ್ಸ್ ಮೇಲೆ ಪೂರ್ತಿ ಹೋಗಿದೆ. 7039ರಲ್ಲಿ ಮೊದ್ಲ ಸಲ ಎರಡು ಉದ್ದ ಗೆರೆ ಸ್ಪಷ್ಟ ಬಂತು, ಎಂ ಅಂದ್ರೆ ಮಗದಾನ್ ತಾನೆ? ಅದ್ರ ಪಕ್ಕ ಇನ್ನೊಂದು ಸಣ್ಣಗಿದೆ, ಕೆನೋ ಡಿನೋ ಬಿಡ್ಸೋಕಾಗ್ತಿಲ್ಲ.

ಸಾಗರ_ಶಾರ್ಟ್‌ವೇವ್:
ಟೈಮ್ ಎಷ್ಟು? ಸಂಜೆ ಏಳರ ಒಳಗಾದ್ರೆ ಕೆ ಇರ್ಬೇಕು, ಉದ್ದ ಗಿಡ್ಡ ಉದ್ದ. ಡಿ ಆದ್ರೆ ಉದ್ದ ಗಿಡ್ಡ ಗಿಡ್ಡ. ಸ್ವರನೂ ನೋಡಿ, ಯುಎಸ್‌ಬಿಲಿ ಕೆ ಎಂಗಿಂತ ಒಂಚೂರು ಕೆಳಗೆ, ಡಿ ಇನ್ನೂ ಸಾಕಷ್ಟು ಕೆಳಗೆ ಬರ್ಬೇಕು. ರೆಕಾರ್ಡ್ ಹಾಕಿ.